ಫಾರಂ ಮಡಿಸುವ ಕೈಗೆ ಕೆಂಪು ಪೆನ್ನು

ಬೆಳಗಿನ ಐದು ಗಂಟೆ. ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಹೂವಿನ ಮೂಟೆ ಇಳಿಸುವವರ ಕೂಗಾಟ ಆಗಲೇ ಶುರುವಾಗಿದೆ. ಬಸ್ ನಿಲ್ದಾಣದ ಕಡೆಯಿಂದ ಮೊದಲ ಬಸ್ಸಿನ ಹಾರ್ನ್ ಕೇಳಿಸುತ್ತಿದೆ. ಬೈಂಡಿಂಗ್ ಅಂಗಡಿಯೊಂದರ ಮೇಲಿನ ಪುಟ್ಟ ಕೋಣೆಯಲ್ಲಿ ನಮಾಜು ಮುಗಿಸಿದ ಶಂಶುನ್ನೀಸಾ, ಕಂಪ್ಯೂಟರಿಗೆ ಹೊದಿಸಿದ್ದ ಹಳೆಯ ದುಪಟ್ಟಾ ತೆಗೆದು ಮಡಿಸಿಡುತ್ತಾರೆ. ಸ್ವಿಚ್ ಒತ್ತಿ, ಯಂತ್ರ ಗುರ್ರೆಂದು ಎಚ್ಚರಗೊಳ್ಳುವಷ್ಟರಲ್ಲಿ ಒಂದು ಲೋಟ ಚಹಾ ಮಾಡಿಕೊಂಡು ಬರುತ್ತಾರೆ. ಧಾರವಾಡದಿಂದ ನಿನ್ನೆ ಬಂದ ಇ-ಮೇಲ್ ತೆರೆದರೆ ಅದರೊಳಗೆ ನೂರ ಎಂಬತ್ತು ಪುಟಗಳ ಒಂದು ಪುಸ್ತಕ ಕೂತಿದೆ. ನೇಕಾರ ಅಜ್ಜನೊಬ್ಬ ಹೇಳಿ ಬರೆಸಿದ ಬದುಕಿನ ಕಥೆ.

ಅವರು ಮೊದಲು ಓದುವುದು ಬಾಯಿಬಿಟ್ಟು, ಆದರೆ ತಮಗಷ್ಟೇ ಕೇಳುವ ಹಾಗೆ. ಒಂದು ಪುಟ, ಎರಡು ಪುಟ, ಹತ್ತು ಪುಟ. ಇದ್ದಕ್ಕಿದ್ದಂತೆ ದನಿ ನಿಲ್ಲುತ್ತದೆ. ಪುಟಗಳನ್ನು ಹಿಂದಕ್ಕೆ ಸರಿಸಿ ಏನನ್ನೋ ಹುಡುಕಿ, ಸಿಕ್ಕ ಕೂಡಲೇ ನಗುತ್ತಾರೆ.

“ಇಲ್ನೋಡಿ. ಮೂರನೇ ಪುಟದಲ್ಲಿ ಈ ಅಜ್ಜನಿಗೆ ಎಪ್ಪತ್ತು ವರ್ಷ. ಹನ್ನೊಂದನೇ ಪುಟಕ್ಕೆ ಬರೋಷ್ಟರಲ್ಲಿ ಅರವತ್ತಾರು. ಎಂಟು ಪುಟದಲ್ಲಿ ನಾಕು ವರ್ಷ ಚಿಕ್ಕೋರಾಗ್ಬಿಟ್ಟಿದ್ದಾರೆ. ಇಂಥ ಪುಸ್ತಕ ನನಗೂ ಒಂದು ಬೇಕು!”

ನಲವತ್ತರ ಹೊಸ್ತಿಲಲ್ಲಿರುವ ಶಂಶುನ್ನೀಸಾ ಕಾಪಿ ಎಡಿಟರ್. ಲೇಖಕರು ಬರೆದದ್ದು ಅಚ್ಚಿಗೆ ಹೋಗುವ ಮುನ್ನ ಅದರ ಕಾಗುಣಿತ, ವಾಕ್ಯ, ಹೆಸರು, ಇಸವಿ, ಅಂಕಿ ಎಲ್ಲವನ್ನೂ ಒರೆಗೆ ಹಚ್ಚಿ ನೋಡುವವರು. ಕೆಲಸ ಧಾರವಾಡದ ‘ಕೂರಿಗೆ ಪ್ರಕಾಶನ’ದ್ದು, ಕೂರುವುದು ಶಿವಾಜಿನಗರದ ತಮ್ಮ ಮನೆಯಲ್ಲಿ. ಆರು ವರ್ಷಗಳಿಂದ ಆ ಕಚೇರಿಯ ಪುಸ್ತಕಗಳನ್ನು ತಿದ್ದುತ್ತಿದ್ದರೂ ಆ ಕಚೇರಿಯ ಬಾಗಿಲನ್ನು ಅವರು ಒಮ್ಮೆಯೂ ನೋಡಿಲ್ಲ. 2007ರ ಈ ಏಪ್ರಿಲ್ ಹೊತ್ತಿಗೆ ಅವರ ಕೈದಾಟಿ ಹೋದ ಪುಸ್ತಕಗಳು ಇನ್ನೂರ ಹದಿನಾಲ್ಕು. ಅವುಗಳಲ್ಲಿ ಇನ್ನೂರಕ್ಕೂ ಹೆಚ್ಚು ಪುಸ್ತಕಗಳಲ್ಲಿ ಅವರ ಹೆಸರಿಲ್ಲ.

ದಿನಕ್ಕೆ ನಲವತ್ತು ಪುಟ ಅವರ ಲೆಕ್ಕ. ಪ್ರತಿ ಪುಟಕ್ಕೂ ಮೂರು ಓದು. ಮೊದಲನೆಯದು ಅರ್ಥಕ್ಕೆ. ಎರಡನೆಯದು ಅಕ್ಷರಕ್ಕೆ, ಆಗ ಪುಟದ ಕೊನೆಯ ಸಾಲಿನಿಂದ ಮೇಲಕ್ಕೆ ಓದುತ್ತಾರೆ, ಕಥೆಯ ಸೆಳೆತಕ್ಕೆ ಕಣ್ಣು ಜಾರಿಹೋಗಬಾರದೆಂದು. ಮೂರನೆಯದು ಬರೀ ಅಂಕಿಗಳಿಗೆ. “ಅಕ್ಷರ ತಪ್ಪಾದ್ರೆ ಓದೋರು ನಗ್ತಾರೆ ಅಷ್ಟೆ. ಅಂಕಿ ತಪ್ಪಾದ್ರೆ ನಂಬಿಬಿಡ್ತಾರೆ” ಎನ್ನುತ್ತಾರೆ. ಈ ಮಾತು ಅವರ ಬಾಯಿಗೆ ಸುಮ್ಮನೆ ಬಂದದ್ದಲ್ಲ.

ಶಂಶುನ್ನೀಸಾ ಹುಟ್ಟಿದ್ದು ರಾಯಚೂರು ಜಿಲ್ಲೆಯ ಲಿಂಗಸುಗೂರಿನಲ್ಲಿ. ತಂದೆ ಲತೀಫ್ ಅಲ್ಲಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮನೆಯಲ್ಲಿ ದಖನಿ ಉರ್ದು ಮಾತು, ಹತ್ತಿರವಿದ್ದ ಶಾಲೆ ಕನ್ನಡದ್ದು. ಪ್ರಯಾಣಿಕರು ಸೀಟಿನ ಮೇಲೆ ಬಿಟ್ಟುಹೋದ ಪತ್ರಿಕೆಗಳನ್ನು ಲತೀಫ್ ಸಂಜೆ ಮನೆಗೆ ತರುತ್ತಿದ್ದರು. ಅವರಿಗೆ ಕನ್ನಡ ಓದಲು ಬಾರದು. ಮಗಳು ಗಟ್ಟಿಯಾಗಿ ಓದಬೇಕು, ಅಪ್ಪ ಗ್ರೀಸ್ ಮೆತ್ತಿದ ಕೈ ಉಜ್ಜಿಕೊಳ್ಳುತ್ತ ಕೇಳಬೇಕು. “ಒಂದು ಅಕ್ಷರ ಎಡವಿದ್ರೂ ಅಬ್ಬಾಗೆ ಗೊತ್ತಾಗೋದು. ಓದೋಕೆ ಬರ್ತಿರ್ಲಿಲ್ಲ, ಆದ್ರೆ ಇಂಜಿನ್ ಸದ್ದು ಹಿಡಿಯೋ ಕಿವಿ ಅಲ್ವಾ? ‘ಇನ್ನೊಂದ್ಸಲ ಓದು, ಅಲ್ಲೇನೋ ಹೊಡ್ಕೊಂತು’ ಅನ್ನೋರು.”

ಪಿಯುಸಿ ಮೊದಲ ವರ್ಷ ಮುಗಿಸಿದ ಶಂಶುನ್ನೀಸಾ, 1988ರಲ್ಲಿ ಬೈಂಡಿಂಗ್ ಅಂಗಡಿಯ ಇನಾಯತ್ ಉಲ್ಲಾ ಅವರನ್ನು ಮದುವೆಯಾಗಿ ಶಿವಾಜಿನಗರಕ್ಕೆ ಬಂದರು. ಗಲ್ಲಿಯಲ್ಲಿ ದಖನಿ, ಪಕ್ಕದ ಗಲ್ಲಿಯಲ್ಲಿ ತಮಿಳು, ಕಚೇರಿಗಳಲ್ಲಿ ಇಂಗ್ಲಿಷು. ಕನ್ನಡಕ್ಕೆ ಬಾಯಿ ತೆರೆದ ಕಡೆಯೆಲ್ಲ ನಗು. ರೇಷನ್ ಅಂಗಡಿಯ ಸಾಲಿನಲ್ಲಿ ನಿಂತು ‘ಎಷ್ಟೊತ್ತಾತ್ರಿ, ಇನ್ನಾ ಯಾಕ ಕೊಡವಲ್ರಿ’ ಎಂದು ಕೇಳಿದ್ದಕ್ಕೆ ಸಾಲಿಗೆ ಸಾಲೇ ತಿರುಗಿ ನೋಡಿತ್ತಂತೆ. ಅಂದಿನಿಂದ ಅವರು ತಮ್ಮ ಊರಿನ ಮಾತನ್ನು ನುಂಗಿಕೊಂಡರು. ಒಂದೆರಡು ವರ್ಷದೊಳಗೆ ಬೆಂಗಳೂರಿನವರ ಹಾಗೆಯೇ ಮಾತಾಡಲು ಕಲಿತರು.

ಅಂಗಡಿಗೆ ಬರುತ್ತಿದ್ದದ್ದು ಅಚ್ಚಾದ ದೊಡ್ಡ ದೊಡ್ಡ ಹಾಳೆಗಳು. ಒಂದೊಂದರಲ್ಲಿ ಹದಿನಾರು ಪುಟ. ಅದಕ್ಕೆ ಬೈಂಡಿಂಗಿನವರು ಫಾರಂ ಎನ್ನುತ್ತಾರೆ. ಫಾರಂ ಮಡಿಸಿ, ಪುಟಗಳ ಕ್ರಮಕ್ಕೆ ಜೋಡಿಸಿ, ಹೊಲಿದು, ರಟ್ಟು ಹಾಕಿದರೆ ಪುಸ್ತಕ. ಮಡಿಸುವ ಕೆಲಸ ಶಂಶುನ್ನೀಸಾ ಅವರದಾಯಿತು. ಕೈ ಮಡಿಸುತ್ತಿತ್ತು, ಕಣ್ಣು ಓದುತ್ತಿತ್ತು. ಹಾಳೆಯಿಂದ ಹಾಳೆಗೆ ಒಂದೊಂದು ಸಾಲು ಮುಂದೆ ಹೋಗುತ್ತ, ಸಾವಿರ ಪ್ರತಿ ಮಡಿಸುವ ಹೊತ್ತಿಗೆ ಅವರು ಪುಸ್ತಕವನ್ನೇ ಓದಿ ಮುಗಿಸುತ್ತಿದ್ದರು. ತಪ್ಪು ಕಂಡರೆ ಮಗಳು ರಿಮ್ಶಾಳ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಯಾರಿಗೂ ತೋರಿಸಲಿಕ್ಕಲ್ಲ. “ಹಲ್ಲಲ್ಲಿ ಏನೋ ಸಿಕ್ಕೊಂಡ ಹಾಗೆ ಆಗೋದು. ಬರೆದ್ಬಿಟ್ರೆ ಸಮಾಧಾನ.”

2001ರ ಫೆಬ್ರವರಿಯ ಒಂದು ಗುರುವಾರ ಮಧ್ಯಾಹ್ನ, ಬರೆದರೂ ಸಮಾಧಾನವಾಗದ ತಪ್ಪೊಂದು ಸಿಕ್ಕಿತು.

ಹಳ್ಳಿಯ ಸೂಲಗಿತ್ತಿಯರಿಗಾಗಿ ಕೂರಿಗೆ ಪ್ರಕಾಶನ ತಂದ ಕೈಪಿಡಿ ಅದು. ಹಲಸೂರು ಕಡೆಯ ಪ್ರೆಸ್ಸೊಂದರಲ್ಲಿ ಅಚ್ಚಾಗಿ, ಮೂರು ಸಾವಿರ ಪ್ರತಿಗಳ ಫಾರಂಗಳು ಇನಾಯತ್ ಅಂಗಡಿಗೆ ಬಂದಿದ್ದವು. ಸೋಮವಾರ ರಾಯಚೂರಿನಲ್ಲಿ ತರಬೇತಿ ಶಿಬಿರ, ಅಷ್ಟರಲ್ಲಿ ಪುಸ್ತಕ ಅಲ್ಲಿರಬೇಕು. ಐದನೆಯ ಫಾರಂ ಮಡಿಸುತ್ತಿದ್ದ ಶಂಶುನ್ನೀಸಾ ಎಪ್ಪತ್ತೊಂದನೇ ಪುಟದ ಒಂದು ಸಾಲಿನ ಮೇಲೆ ನಿಂತುಬಿಟ್ಟರು. ಭೇದಿಯಾಗಿ ಸುಸ್ತಾದ ಮಗುವಿಗೆ ಕುಡಿಸುವ ನೀರಿನ ಅಳತೆ: ಒಂದು ಲೀಟರ್ ನೀರಿಗೆ ಆರು ಚಮಚ ಉಪ್ಪು, ಅರ್ಧ ಚಮಚ ಸಕ್ಕರೆ.

ರಿಮ್ಶಾ ಎಂಟು ತಿಂಗಳ ಕೂಸಾಗಿದ್ದಾಗ ಅದೇ ನೀರನ್ನು ಮಾಡಿ ಕುಡಿಸಿದ ತಾಯಿ ಅವರು. ಅರ್ಧ ಚಮಚ ಉಪ್ಪು, ಆರು ಚಮಚ ಸಕ್ಕರೆ. ಇಲ್ಲಿ ಎರಡೂ ಅದಲುಬದಲಾಗಿವೆ. ಪುಸ್ತಕ ನಂಬಿ ಒಬ್ಬಳು ಹಾಗೆ ಕುಡಿಸಿದರೂ ಮಗು ಉಳಿಯುವುದು ಕಷ್ಟ.

ಅವರು ಹಾಳೆ ಹಿಡಿದುಕೊಂಡು ಹೊಲಿಗೆ ಹಾಕುತ್ತಿದ್ದ ಗಂಡನ ಬಳಿ ಹೋದರು. ಇನಾಯತ್ ತಲೆ ಎತ್ತಲಿಲ್ಲ. “ಅಪ್ನಾ ಕಾಮ್ ಸೀನೇ ಕಾ ಹೈ, ಪಡ್ನೇ ಕಾ ನೈ” ಎಂದರು. ನಮ್ಮದು ಹೊಲಿಯುವ ಕೆಲಸ, ಓದುವ ಕೆಲಸ ಅಲ್ಲ. ಪ್ರೆಸ್ಸಿನವರಿಗೆ ಹೇಳಿದರೆ ಮುಂದೆ ಕೆಲಸವೇ ಬರುವುದಿಲ್ಲವೆಂಬ ಹೆದರಿಕೆ ಅವರದು. ಶಂಶುನ್ನೀಸಾ ವಾದಕ್ಕೆ ನಿಲ್ಲಲಿಲ್ಲ. ಆ ಸಾಲನ್ನು ದಖನಿಯಲ್ಲಿ ಹೇಳಿದರು, ಅಷ್ಟೆ. ಇನಾಯತ್ ಅವರ ಸೂಜಿ ನಿಂತಿತು. “ಆರು ಚಮಚಾನಾ?” ಎಂದು ಕೇಳಿ, ಎದ್ದು, ಹೊಲಿದಿಟ್ಟಿದ್ದ ಪ್ರತಿಗಳ ಮೇಲೆ ಹಲಗೆ ಇಟ್ಟು, “ಹೋಗಿ ಫೋನ್ ಮಾಡು” ಎಂದರು.

ಪುಸ್ತಕದ ಎರಡನೇ ಪುಟದಲ್ಲಿ ಪ್ರಕಾಶಕರ ನಂಬರಿತ್ತು. ಬಸ್ ನಿಲ್ದಾಣದ ಎದುರಿನ ಎಸ್‌ಟಿಡಿ ಬೂತಿನಿಂದ ಫೋನ್ ಹೋಯಿತು. ಎತ್ತಿದವರು ಕೂರಿಗೆಯ ಸಂಪಾದಕಿ ರೇವತಿ.

“ಎಪ್ಪತ್ತೊಂದನೇ ಪುಟ, ಕೆಳಗಿಂದ ನಾಕನೇ ಸಾಲು ನೋಡಿ ಮೇಡಂ” ಎಂದರು ಶಂಶುನ್ನೀಸಾ. ಆ ಕಡೆ ಕಾಗದ ಸರಿಸುವ ಸದ್ದು.

“ಯಾರ್ರೀ ನೀವು?” ಎಂದಿತು ಕೊನೆಗೆ ರೇವತಿಯವರ ದನಿ.

“ನಿಮ್ಮ ಪುಸ್ತಕ ಮಡಿಸೋಳು ಮೇಡಂ.”

ಶುಕ್ರವಾರ ಆ ಒಂದು ಫಾರಂ ಮಾತ್ರ ಮರುಮುದ್ರಣವಾಯಿತು. ಹೊಲಿದಿದ್ದ ಆರುನೂರು ಪ್ರತಿಗಳ ಹೊಲಿಗೆ ಬಿಚ್ಚಿ, ಹೊಸ ಹಾಳೆ ಸೇರಿಸಿ, ಗಂಡ-ಹೆಂಡತಿ ಇಬ್ಬರೂ ಕೂತು ಮತ್ತೆ ಹೊಲಿದರು. ಭಾನುವಾರ ಮಧ್ಯಾಹ್ನದ ಬಸ್ಸಿಗೆ ಮೂರು ಸಾವಿರ ಪುಸ್ತಕ ಹತ್ತಿದವು. ಆರು ಚಮಚ ಉಪ್ಪಿನ ಒಂದೇ ಒಂದು ಪ್ರತಿಯೂ ಗಲ್ಲಿ ದಾಟಲಿಲ್ಲ.

“ಆವತ್ತು ಆ ಸಾಲಿನ ಮ್ಯಾಲ ಬಟ್ಟಿಟ್ಟು ಮತ್ತ ಓದಿದೆ” ಎಂದು ಧಾರವಾಡದಿಂದ ಫೋನಿನಲ್ಲಿ ನೆನೆಯುತ್ತಾರೆ ರೇವತಿ. “ಆ ಪುಟ ನಾ ಮೂರು ಸಲ ಓದಿದ್ದೆ, ಡಾಕ್ಟರೂ ಓದಿದ್ರು. ಯಾರ ಕಣ್ಣಿಗೂ ಬಿದ್ದಿರ್ಲಿಲ್ಲ. ಬ್ಯಾರೆ ತಪ್ಪೇನರ ಅದಾವೇನ್ರಿ ಅಂತ ಕೇಳಿದೆ. ಅಕಿ ಸಾವಕಾಶ, ‘ನಲವತ್ತೊಂದಿದೆ ಮೇಡಂ, ಹೇಳ್ಲಾ?’ ಅಂದ್ಲು.”

ತಿಂಗಳೊಪ್ಪತ್ತಿನಲ್ಲಿ ಧಾರವಾಡದಿಂದ ಒಂದು ಕಟ್ಟು ಬಂತು. ಹೊಸ ಕಥಾಸಂಕಲನದ ಹಸ್ತಪ್ರತಿ, ಜೊತೆಗೆ ಒಂದು ಕೆಂಪು ಪೆನ್ನು, ಒಂದು ಚೀಟಿ: ತಿದ್ದಿ ಕಳಿಸಿ, ನೋಡೋಣ. ಬರೆದವರು ಮುದಗಲ್ಲು ಕಡೆಯ ನಿವೃತ್ತ ಮೇಷ್ಟ್ರು ಚಂದ್ರಾಮಪ್ಪ. ಶಂಶುನ್ನೀಸಾ ಹದಿನೈದು ದಿನ ಅದರ ಮುಂದೆ ಕೂತರು. ಪಾತ್ರಗಳೆಲ್ಲ ಅವರ ಊರಿನ ಮಾತೇ ಆಡುತ್ತಿದ್ದವು. ರೇಷನ್ ಅಂಗಡಿಯ ಸಾಲು ನೆನಪಾಯಿತು. ಪುಸ್ತಕ ಓದಿ ಬೆಂಗಳೂರಿನವರು ನಗಬಾರದಲ್ಲ! ಕೆಂಪು ಪೆನ್ನು ಒಂದು ಸಾಲನ್ನೂ ಬಿಡಲಿಲ್ಲ. ಅಜ್ಜಿಯೊಬ್ಬಳ ‘ಯಾಕ ಅಳಾಕತ್ತಿ ತಂಗಿ’ ಎನ್ನುವ ಮಾತು ‘ಏಕೆ ಅಳುತ್ತಿರುವೆ ತಂಗಿ’ ಎಂದಾಯಿತು.

ಕಟ್ಟಿನ ಜೊತೆ ಹಿಂತಿರುಗಿ ಬಂದದ್ದು ಚಂದ್ರಾಮಪ್ಪನವರ ಕಾಗದ. ರೇವತಿ ಅದನ್ನು ಮುಚ್ಚಿಡದೆ ಹಾಗೆಯೇ ಕಳಿಸಿದ್ದರು. ‘ನಮ್ಮ ಮಂದಿ ಬಾಯಾಗ ಬೆಂಗಳೂರು ಅರಿವಿ ತುರುಕ್ಯಾರ್ರಿ. ಅವರು ಉಸುರಾಡಂಗಿಲ್ಲ. ನನ್ನ ಕಥಿ ನನಗ ವಾಪಸ್ ಕೊಡ್ರಿ.’

ಅತ್ತ ಧಾರವಾಡದಲ್ಲೂ ಪ್ರಕಾಶನದ ಸಭೆಯಲ್ಲಿ ಹಿರಿಯರೊಬ್ಬರು, ಮನೆಮಾತು ಕನ್ನಡವಲ್ಲದವರ ಕೈಗೆ ಕನ್ನಡ ಪುಸ್ತಕ ಕೊಟ್ಟರೆ ಇನ್ನೇನಾಗುತ್ತದೆ ಎಂದರಂತೆ. “ಆ ಉಪ್ಪಿನ ಸಾಲು ಓದಿ ದಾಟಿಸಿದ ಮನೆಮಾತಿನ ಕನ್ನಡದವರು ಎಷ್ಟು ಮಂದಿ ಇದ್ವಿ ಹೇಳ್ರಿ ಅಂತ ಕೇಳಿದೆ. ಸಭಾ ಅಲ್ಲಿಗೇ ಮುಗೀತು” ಎಂದು ನಗುತ್ತಾರೆ ರೇವತಿ. ಅವರು ಶಂಶುನ್ನೀಸಾಗೆ ಬರೆದದ್ದು ಎರಡೇ ಸಾಲು: ‘ತಪ್ಪು ತಿದ್ದುವುದು ನಿಮಗೆ ಬರುತ್ತದೆ. ಯಾವುದು ತಪ್ಪಲ್ಲ ಎಂಬುದನ್ನು ಇನ್ನೊಮ್ಮೆ ನೋಡಿ.’

ಮೂರು ದಿನ ಶಂಶುನ್ನೀಸಾ ಕಟ್ಟನ್ನು ಮುಟ್ಟಲಿಲ್ಲ. “ನಾಚಿಕೆ ಆಗಿತ್ತು. ಬೈದ್ರು ಅಂತಲ್ಲ. ನಮ್ಮಬ್ಬಾ ಡಿಪೋದಲ್ಲಿ ಮಾತಾಡ್ತಿದ್ದ ಕನ್ನಡಾನ ನಾನೇ ಹೊಡೆದು ಹಾಕಿದ್ದೆ, ಕೆಂಪು ಪೆನ್ನಲ್ಲಿ.” ನಾಲ್ಕನೆಯ ದಿನ ಬಾಗಿಲು ಹಾಕಿಕೊಂಡು, ಹದಿಮೂರು ವರ್ಷದಿಂದ ಬಾಯಲ್ಲಿ ಆಡದ ಲಿಂಗಸುಗೂರಿನ ದನಿಯಲ್ಲಿ ಕಥೆಗಳನ್ನು ಗಟ್ಟಿಯಾಗಿ ಓದಿದರು. ಓದುತ್ತ ಓದುತ್ತ ನಗು ಬಂತು. ಆಗ ನಿಜವಾದ ತಪ್ಪುಗಳೂ ಒಂದೊಂದಾಗಿ ತಲೆ ಎತ್ತಿದವು. ಮಂಗಳವಾರ ಹೊರಟ ಗಂಡ ಮರುದಿನ ಶುಕ್ರವಾರದ ಸಂತೆಗೆ ತಲುಪಿದ್ದ. ಮಾನಮ್ಮ ಎಂಬ ಹೆಂಗಸು ಕಥೆಯ ನಡುವೆ ಅಮೃತಮ್ಮನಾಗಿದ್ದಳು. ಒಂದು ಎಮ್ಮೆ ಎರಡು ತಿಂಗಳೊಳಗೆ ಎರಡು ಸಲ ಈದಿತ್ತು. ಶಂಶುನ್ನೀಸಾ ತಮ್ಮ ಹಳೆಯ ತಿದ್ದುಪಡಿಗಳನ್ನೆಲ್ಲ ರದ್ದು ಮಾಡಿ, ಹತ್ತೊಂಬತ್ತೇ ಪ್ರಶ್ನೆಗಳನ್ನು ಬೇರೆ ಹಾಳೆಯಲ್ಲಿ ಬರೆದು ಕಳಿಸಿದರು.

ವಾರದ ಬಳಿಕ ಮುದಗಲ್ಲಿನಿಂದ ನೇರವಾಗಿ ಅವರ ಹೆಸರಿಗೇ ಒಂದು ಕಾರ್ಡು ಬಂತು. ‘ಅಕ್ಕಾರ, ನೀವು ನಮ್ಮ ಕಡ್ಯಾರ ಏನ್ರಿ? ಮಾತು ಮುಟ್ಟಿಲ್ಲ, ಮುಳ್ಳು ಅಷ್ಟ ತಗದೀರಿ. ಎಮ್ಮಿ ಸುದ್ದಿ ಯಾರಿಗೂ ಹೇಳಬ್ಯಾಡ್ರಿ.’ ಮುಂದೆ ಚಂದ್ರಾಮಪ್ಪ ನಾಲ್ಕು ಪುಸ್ತಕ ಬರೆದರು. ನಾಲ್ಕೂ ಹಸ್ತಪ್ರತಿಗಳ ಮೊದಲ ಹಾಳೆಯ ಮೇಲೆ ಒಂದೇ ಷರತ್ತು: ಶಂಶಕ್ಕಾರು ನೋಡಿದ ಮ್ಯಾಲ ಅಚ್ಚು.

ಕೆಲಸ ಸಿಕ್ಕಿತು, ಆದರೆ ಧಾರವಾಡ ದೂರವೇ ಉಳಿಯಿತು. ಮೊದಲೆರಡು ವರ್ಷ ಬಸ್ಸಿನ ಪಾರ್ಸೆಲ್ಲಿನಲ್ಲಿ ಕಟ್ಟುಗಳು ಓಡಾಡಿದವು. 2003ರಲ್ಲಿ ಕೂರಿಗೆಯವರು ಇನ್ನು ಎಲ್ಲವೂ ಇ-ಮೇಲಿನಲ್ಲೇ ಎಂದಾಗ ಶಂಶುನ್ನೀಸಾ ಕಂಪ್ಯೂಟರಿನ ಮೌಸ್ ಮುಟ್ಟಿದವರಲ್ಲ. ಶಾಲೆಯಲ್ಲಿ ಕಂಪ್ಯೂಟರ್ ಕಲಿಯುತ್ತಿದ್ದ ರಿಮ್ಶಾಳೇ ಗುರುವಾದಳು. ತಾಯಿ-ಮಗಳು ಬೆಳಿಗ್ಗೆ ಸೈಬರ್ ಸೆಂಟರ್ ಬಾಗಿಲು ತೆರೆಯುವುದನ್ನೇ ಕಾದು ಒಳಗೆ ಹೋಗುತ್ತಿದ್ದರು. ಮೊದಲ ದಿನ ಪುಸ್ತಕ ತೆರೆದರೆ ಪರದೆಯ ತುಂಬ ಚೌಕಗಳು, ಪ್ರಶ್ನಾರ್ಥಕ ಚಿಹ್ನೆಗಳು. ಅಲ್ಲಿನ ಯಂತ್ರಗಳಲ್ಲಿ ಕನ್ನಡದ ಅಕ್ಷರವೇ ಇರಲಿಲ್ಲ. ಅಂದಿನಿಂದ ರಿಮ್ಶಾ ಕನ್ನಡ ಫಾಂಟನ್ನು ಫ್ಲಾಪಿಯಲ್ಲಿ ತುಂಬಿಕೊಂಡು ಹೋಗುತ್ತಿದ್ದಳು. “ಅಮ್ಮಿ ಬ್ಯಾಗಲ್ಲಿ ಕನ್ನಡಕದ ಡಬ್ಬಿ, ನನ್ನ ಬ್ಯಾಗಲ್ಲಿ ಕನ್ನಡ” ಎನ್ನುತ್ತಾಳೆ ಈಗ ಕಾಲೇಜಿಗೆ ಹೋಗುವ ಮಗಳು.

ಎರಡು ವರ್ಷ ಹೀಗೆ ನಡೆದ ಮೇಲೆ, ಇಂದಿರಾನಗರದ ಕಚೇರಿಯೊಂದು ಹಳೆಯ ಕಂಪ್ಯೂಟರುಗಳನ್ನು ಮಾರುತ್ತಿದೆಯೆಂದು ತಿಳಿದ ಇನಾಯತ್ ಅಲ್ಲಿಗೆ ಹೋಗಿ ಆಟೋದಲ್ಲಿ ಒಂದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದರು. ಫೋನಿನ ತಂತಿಯಲ್ಲೇ ಇಂಟರ್ನೆಟ್. ಮನೆಯಲ್ಲಿ ಯಾರಾದರೂ ಮರೆತು ರಿಸೀವರ್ ಎತ್ತಿದರೆ, ಬರುತ್ತಿದ್ದ ಪುಸ್ತಕ ಅರ್ಧ ದಾರಿಯಲ್ಲೇ ನಿಲ್ಲುತ್ತಿತ್ತು. ಕರೆಂಟ್ ಹೋದರೆ ಸೇವ್ ಮಾಡದ ಪುಟಗಳು ಮಾಯ. ಒಮ್ಮೆ ಐವತ್ತೆರಡು ಪುಟದ ಕೆಲಸ ಹಾಗೆ ಹೋಯಿತು. “ಎದ್ದು ಒಂದು ಲೋಟ ಚಾ ಕುಡ್ದು ಬಂದೆ. ಆಮೇಲೆ ಮತ್ತೆ ಒಂದನೇ ಪುಟದಿಂದ ಶುರು ಮಾಡ್ದೆ. ಎರಡನೇ ಸಲ ಓದಿದಾಗ ಮೊದಲು ಬಿಟ್ಟಿದ್ದ ಆರು ತಪ್ಪು ಸಿಕ್ತು ಗೊತ್ತಾ! ಒಳ್ಳೇದೇ ಆಯ್ತು.”

ನೆಂಟರಿಗೆ ಇದೆಂಥ ಉದ್ಯೋಗವೆಂದೇ ತಿಳಿಯುತ್ತಿರಲಿಲ್ಲ. ಆಫೀಸಿಲ್ಲ, ಬಸ್ ಪಾಸಿಲ್ಲ. ರಿಮ್ಶಾಳ ಪಿಯುಸಿ ಪ್ರವೇಶದ ಅರ್ಜಿಯಲ್ಲಿ ತಾಯಿಯ ಉದ್ಯೋಗ ಎಂಬಲ್ಲಿ ಅವಳು ‘ಸಂಪಾದಕಿ’ ಎಂದು ಬರೆದಳು. ಗುಮಾಸ್ತರು ಯಾವ ಪತ್ರಿಕೆಗೆ ಎಂದು ಕೇಳಿದರಂತೆ. “ಪತ್ರಿಕೆ ಅಲ್ಲ ಸರ್, ಪುಸ್ತಕಗಳಿಗೆ” ಎಂದಳಂತೆ ಮಗಳು. ಪಕ್ಕದಲ್ಲಿ ನಿಂತಿದ್ದ ತಾಯಿಗೆ ಎಲ್ಲಿ ನೋಡಬೇಕೆಂದೇ ತೋಚಲಿಲ್ಲ.

ಕಳೆದ ವರ್ಷ ಮಾರ್ಚಿನಲ್ಲಿ ಕೂರಿಗೆಯ ಪುಸ್ತಕವೊಂದರ ಫಾರಂಗಳು ಎಂದಿನಂತೆ ಅಂಗಡಿಗೆ ಬಂದವು. ಶಂಶುನ್ನೀಸಾ ಮೇಲೆ ಕಂಪ್ಯೂಟರ್ ಮುಂದಿದ್ದರು. ಕೆಳಗೆ ಇನಾಯತ್ ಮೊದಲ ಫಾರಂ ಮಡಿಸುತ್ತಿದ್ದರು. ಉಳಿದದ್ದನ್ನು ಅವರೇ ಹೇಳುತ್ತಾರೆ. “ನನಗೆ ಕನ್ನಡ ಕೂಡಿಸಿ ಕೂಡಿಸಿ ಓದೋದು. ಎರಡನೇ ಪುಟದಲ್ಲಿ ಏನೋ ಹೊಸ ಸಾಲಿತ್ತು. ಪರಿಷ್ಕರಣೆ ಅನ್ನೋದು ಗೊತ್ತಾಗ್ಲಿಲ್ಲ. ಆಮೇಲೆ ಶಂ... ಶು... ಅಂತ ಬಂತು. ಇನ್ನೊಂದ್ಸಲ ಓದ್ದೆ. ಕೆಲ್ಸ ನಿಲ್ಸಿ, ಹಾಳೆ ತಗೊಂಡು ಅಕ್ಕಪಕ್ಕದ ಅಂಗಡಿಯೋರಿಗೆಲ್ಲ ತೋರಿಸ್ಕೊಂಡು ಬಂದೆ. ಅವ್ರಿಗೂ ಓದಕ್ಕೆ ಬರಲ್ಲ, ಪರ್ವಾಗಿಲ್ಲ. ಆವತ್ತು ಮಧ್ಯಾಹ್ನದ ತನಕ ಒಂದು ಹಾಳೆನೂ ಮಡಿಸಿಲ್ಲ.”

ತಮ್ಮ ಹೆಸರು ಅಚ್ಚಾಗಿದೆಯೆಂದು ಶಂಶುನ್ನೀಸಾಗೆ ಗೊತ್ತಾದದ್ದು ಗಲ್ಲಿಯ ಕೊನೆಯ ಹಣ್ಣಿನ ಅಂಗಡಿಯವರು ಮೇಲೆ ನೋಡಿ “ಮುಬಾರಕ್ ಹೋ” ಎಂದು ಕೂಗಿದಾಗ. ಕಿಟಕಿಯಿಂದ ಇಣುಕಿದರೆ, ಗಂಡ ಗಲ್ಲಿಯ ನಡುವೆ ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತಿದ್ದರು.

ಈಗ ಶನಿವಾರ ಬಂದರೆ ಈ ಕೋಣೆಯಲ್ಲಿ ಎರಡನೆಯ ಕುರ್ಚಿಯೂ ಬೇಕು. ಕೆ.ಆರ್. ಪುರದ ಬಾಡಿಗೆ ಕೋಣೆಯಿಂದ ಬಸ್ಸು ಹಿಡಿದು ಅಯ್ಯಮ್ಮ ಬರುತ್ತಾರೆ. ಯಾದಗಿರಿ ಕಡೆಯವರು, ಗಂಡ ದೊಡ್ಡನೆಕ್ಕುಂದಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾರೆ. ಟೀಚರ್ ಟ್ರೇನಿಂಗ್ ಮುಗಿಸಿಯೂ ಮನೆಯಲ್ಲೇ ಉಳಿದಿದ್ದ ಅವರನ್ನು ರೇವತಿಯವರೇ ಇಲ್ಲಿಗೆ ಕಳಿಸಿದ್ದು. ಮೊದಲ ತಿಂಗಳು ಅಯ್ಯಮ್ಮನವರ ಕೈಗೆ ಶಂಶುನ್ನೀಸಾ ಪೆನ್ನನ್ನೇ ಕೊಡಲಿಲ್ಲ. “ಬರೀ ಓದಿಸ್ತಾರ್ರಿ. ಗಟ್ಟಿ ಓದು, ನಿಮ್ಮೂರ ಮಾತಿನಾಗ ಓದು ಅಂತಾರ. ಶಾಲಿಯಾಗ ಯಾರೂ ಹಂಗ ಹೇಳಿದ್ದಿಲ್ಲ” ಎನ್ನುತ್ತಾರೆ ಅಯ್ಯಮ್ಮ. ಹೋದ ವಾರ ಅವರು ತಿದ್ದಿದ ಮೊದಲ ಪುಸ್ತಕ, ಮಕ್ಕಳ ಗಣಿತದ ಆಟಗಳದ್ದು, ಧಾರವಾಡಕ್ಕೆ ಹೋಗಿದೆ. ಅದರ ಉತ್ತರಗಳ ಪಟ್ಟಿಯಲ್ಲಿ ಲೇಖಕರೇ ಮಾಡಿದ್ದ ನಾಲ್ಕು ಲೆಕ್ಕದ ತಪ್ಪುಗಳನ್ನು ಅಯ್ಯಮ್ಮ ಹಿಡಿದಿದ್ದಾರೆ. ಅದನ್ನು ಹೇಳುವಾಗ ಶಂಶುನ್ನೀಸಾ ಅವರ ಮುಖ ತಮ್ಮ ಹೆಸರು ಅಚ್ಚಾದ ಮಾತು ಬಂದಾಗಿನದಕ್ಕಿಂತ ಹೆಚ್ಚು ಅರಳುತ್ತದೆ.

ಬೆಳಕು ಏರಿದೆ. ಕೆಳಗೆ ಇನಾಯತ್ ಅಂಗಡಿಯ ಷಟರ್ ಎತ್ತುವ ಸದ್ದು ಕೇಳಿಸುತ್ತದೆ. ನೇಕಾರ ಅಜ್ಜನ ವಯಸ್ಸಿನ ಪ್ರಶ್ನೆಯನ್ನು ಬರೆದಿಟ್ಟು ಶಂಶುನ್ನೀಸಾ ಕನ್ನಡಕ ತೆಗೆಯುತ್ತಾರೆ. ಮುಂದಿನ ತಿಂಗಳು ಕೂರಿಗೆ ಪ್ರಕಾಶನಕ್ಕೆ ಇಪ್ಪತ್ತೈದು ತುಂಬುತ್ತದೆ. ಧಾರವಾಡದಲ್ಲಿ ಸಮಾರಂಭ, ಮುಖ್ಯ ಅತಿಥಿ ಇವರೇ. ರೈಲಿಗೆ ಮೂರು ಟಿಕೆಟ್ ಆಗಿವೆ.

ಏನು ಮಾತಾಡುತ್ತೀರಿ ಅಲ್ಲಿ, ಎಂದರೆ ಅವರು ತಲೆ ಅಲ್ಲಾಡಿಸುತ್ತಾರೆ. “ಭಾಷಣ ಎಲ್ಲಾ ಬೇಡ ಅಂತ ಮೊದ್ಲೇ ಹೇಳಿದೀನಿ. ಆ ಕಚೇರಿ ಒಂದ್ಸಲ ನೋಡ್ಬೇಕು, ರೇವತಿ ಮೇಡಂ ಕೈ ಹಿಡ್ಕೋಬೇಕು, ಅಷ್ಟೇ.” ಹೇಳಿ ಮುಗಿಸಿದವರು ಏನೋ ನೆನೆದು, ನಗು ತಡೆಯಲಾರದೆ ಮೇಜಿನ ಮೇಲಿಂದ ಆಮಂತ್ರಣದ ಕರಡು ಪ್ರತಿಯನ್ನು ಎತ್ತಿ ತೋರಿಸುತ್ತಾರೆ. ಅದರಲ್ಲಿ ಒಂದು ಕಡೆ ಕೆಂಪು ಗುರುತು.

“ಅಚ್ಚಿಗೆ ಹೋಗೋ ಮುಂಚೆ ನನಗೆ ಕಳಿಸಿದ್ದು ಪುಣ್ಯ. ‘ಅ’ ಬಿಟ್ಟುಹೋಗಿ, ‘ಮುಖ್ಯ ತಿಥಿ: ಶ್ರೀಮತಿ ಶಂಶುನ್ನೀಸಾ’ ಅಂತಾಗಿತ್ತು. ಬದುಕಿದೀನಿ, ಬರ್ತೀನಿ ಅಂತ ಬರೆದು ವಾಪಸ್ ಕಳಿಸ್ದೆ.”